ಪ್ರತಿ ತೆಗೆದಿಡುವವರು ಕಳ್ಳರಲ್ಲ

ಕಳೆದ ತಿಂಗಳ ಬಳಗದ ಸಭೆಯಲ್ಲಿ, ಚಹಾ ಬರುವ ಹೊತ್ತಿಗೆ ಸರಿಯಾಗಿ, ನಮ್ಮ ಮೇಲೆ ಮೂರು ಆಕ್ಷೇಪಗಳು ಬಂದವು. ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರತಿದಿನ ಬೆಳಗಿನ ಜಾವ ತಾನಾಗಿಯೇ ಎದ್ದು, ಆಯ್ದ ಕೆಲವು ಕನ್ನಡ ಟೆಲಿವಿಷನ್ ಕಾರ್ಯಕ್ರಮಗಳ ಪ್ರತಿಯನ್ನು ಅಂತರಜಾಲದಿಂದ ಇಳಿಸಿಕೊಂಡು, ಹೆಸರು ಹಚ್ಚಿ, ಸಾಲಾಗಿ ಜೋಡಿಸಿಡುವ ಒಂದು ಸಣ್ಣ ಸ್ಕ್ರಿಪ್ಟ್ ಇದೆ ಎಂದು ನಾವು ಹೇಳಿದ್ದೇ ತಪ್ಪಾಯಿತು. ಮೊದಲನೆಯವರು, "ಎಲ್ಲವೂ ನೆಟ್ಟಿನಲ್ಲಿ ಇದ್ದೇ ಇದೆಯಲ್ಲ, ಇಳಿಸಿಕೊಳ್ಳುವ ಹುಚ್ಚು ಯಾಕೆ?" ಎಂದರು. ಎರಡನೆಯವರು, ವಯಸ್ಸಿನಲ್ಲೂ ಓದಿನಲ್ಲೂ ನಮಗಿಂತ ಹಿರಿಯರು, "ಕೇಂದ್ರ ಸರ್ಕಾರದ ನೌಕರರಾಗಿ ನೀವೇ ಕಳ್ಳತನಕ್ಕೆ ಇಳಿದರೆ ಹೇಗೆ ಸ್ವಾಮಿ?" ಎಂದರು. ಮೂರನೆಯವರು ನಕ್ಕು, "ಸಾಹಿತ್ಯ ಬಳಗಕ್ಕೂ ಡಾಕರಿಗೂ ಏನು ಸಂಬಂಧ?" ಎಂದು ಕೇಳಿ ಚರ್ಚೆಯನ್ನು ಮುಗಿಸಿಯೇಬಿಟ್ಟರು. ಅಂದು ನಾವು ಸುಮ್ಮನಿದ್ದೆವು. ಇಂದು ಬರೆಯುತ್ತಿದ್ದೇವೆ. ಬರಹದಲ್ಲಿ ಖಾರ ಕಂಡರೆ ಅದು ಆ ಮೂವರ ಮೇಲಿನದಲ್ಲ, ಆ ಮೂರು ಮಾತುಗಳ ಮೇಲಿನದು; ಏಕೆಂದರೆ ಆ ಮಾತುಗಳು ನಮ್ಮೆಲ್ಲರ ಮನೆಗಳಲ್ಲೂ ವಾಸವಾಗಿವೆ.

ಮೊದಲು, ಈ ಹುಚ್ಚು ಹಿಡಿದದ್ದು ಹೇಗೆಂಬುದನ್ನು ಹೇಳಬೇಕು. ನಮ್ಮ ಬಳಗದ ಹಿರಿಯರೊಬ್ಬರು ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಅಕ್ಷರ ಕಲಿಯಲು ಬರುತ್ತಿದ್ದ ಹುಡುಗರ ಕಥೆಗಳನ್ನು ಅವರು ಹೇಳಿದಂತೆ ಬೇರೆ ಯಾರೂ ಹೇಳಲಾರರು. ಅವರ ಬಗ್ಗೆ ವಾಹಿನಿಯೊಂದು 26 ನಿಮಿಷಗಳ ಒಂದು ಸಂದರ್ಶನವನ್ನು ಮಾಡಿತ್ತು. ಪ್ರಸಾರವಾದ ಮೇಲೆ ಅದನ್ನು ಅಂತರಜಾಲಕ್ಕೂ ಏರಿಸಿದ್ದರು. ನಾವೆಲ್ಲ ಅದರ ಕೊಂಡಿಯನ್ನು ಒಬ್ಬರಿಗೊಬ್ಬರು ಕಳಿಸಿ, ಹೆಮ್ಮೆಪಟ್ಟು, ಮರೆತೆವು. ಮೇಷ್ಟ್ರು ತೀರಿಕೊಂಡರು. ನುಡಿನಮನದ ದಿನ ಅವರ ಮಗಳು, "ಅಪ್ಪನ ಧ್ವನಿ ಒಮ್ಮೆ ಕೇಳಿಸಬಹುದೇ?" ಎಂದು ಕೇಳಿದರು. ಕೊಂಡಿ ಒತ್ತಿದೆವು. ಈ ವಿಡಿಯೊ ಲಭ್ಯವಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಮೂಡಿತು. ವಾಹಿನಿಗೆ ಪತ್ರ ಬರೆದೆವು; ಎರಡು ನೆನಪೋಲೆ ಹೋದವು. ಉತ್ತರ ಇವತ್ತಿನವರೆಗೂ ಇಲ್ಲ. ಸಭೆಯಲ್ಲಿ ಕುಳಿತಿದ್ದ ನಲವತ್ತು ಜನರಲ್ಲಿ, ಆ ಕೊಂಡಿಯನ್ನು ಮುಂದಕ್ಕೆ ಕಳಿಸದವರು ಒಬ್ಬರೂ ಇರಲಿಲ್ಲ. ಅದರ ಪ್ರತಿಯನ್ನು ಇಟ್ಟುಕೊಂಡವರೂ ಒಬ್ಬರೂ ಇರಲಿಲ್ಲ. ಆ ನಲವತ್ತರಲ್ಲಿ ನಾವೂ ಒಬ್ಬರು.

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಎಲ್ಲವೂ ನೆಟ್ಟಿನಲ್ಲಿ ಇದೆ ಎನ್ನುವ ಮಾತು ಈ ಕಾಲದ ಅತ್ಯಂತ ಸೋಮಾರಿ ನಂಬಿಕೆ. ನೆಟ್ಟಿನಲ್ಲಿ ಇರುವುದು ಇಂದು ಇಡಲು ಯಾರಿಗೋ ಅನುಕೂಲವಾಗಿರುವುದು ಮಾತ್ರ. ಒಡೆತನ ಬದಲಾದರೆ, ಒಪ್ಪಂದ ಮುಗಿದರೆ, ಹಿನ್ನೆಲೆ ಸಂಗೀತದ ಹಕ್ಕಿನ ಬಗ್ಗೆ ಯಾರೋ ತಕರಾರು ತೆಗೆದರೆ, ಅಥವಾ ಖಾತೆಯ ಗುಪ್ತಪದ ಗೊತ್ತಿದ್ದ ನೌಕರ ಕೆಲಸ ಬಿಟ್ಟುಹೋದರೆ, ಅದು ಇಲ್ಲವಾಗುತ್ತದೆ. ಗ್ರಂಥಾಲಯದಿಂದ ಪುಸ್ತಕ ಕಳೆದುಹೋದರೆ ಕಪಾಟಿನಲ್ಲಿ ಒಂದು ಖಾಲಿ ಜಾಗವಾದರೂ ಉಳಿಯುತ್ತದೆ. ಇಲ್ಲಿ ಆ ಖಾಲಿ ಜಾಗವೂ ಉಳಿಯುವುದಿಲ್ಲ.

ದೊಡ್ಡ ಸಂಸ್ಥೆಗಳು ಕಾಪಾಡುತ್ತವೆ ಎಂದು ಸಮಾಧಾನ ಹೇಳುವವರು ಬಿಬಿಸಿಯ ಕಥೆಯನ್ನು ಓದಬೇಕು. 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ಮೊದಲ ವರ್ಷಗಳ ಟೇಪುಗಳನ್ನು ಆ ಸಂಸ್ಥೆ ತಾನೇ ಅಳಿಸಿತು. ಟೇಪು ದುಬಾರಿ, ಜಾಗ ಕಡಿಮೆ, ಮರುಪ್ರಸಾರದ ಬೇಡಿಕೆ ಇಲ್ಲ ಎಂಬವು ಅಂದಿನ ಕಾರಣಗಳು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಹೋಯಿತು. ಆದರೆ ಹೋದ ಆ ಕಂತುಗಳಲ್ಲಿ ಪ್ರತಿಯೊಂದರ ಧ್ವನಿಯೂ ಇಂದು ಉಳಿದಿದೆ. ಉಳಿಸಿದವರು ಯಾರು? ತಮ್ಮ ಮನೆಯ ಕೋಣೆಯಲ್ಲಿ ಟಿ.ವಿ.ಯ ಎದುರು ಧ್ವನಿಮುದ್ರಕ ಹಿಡಿದು ಕುಳಿತ ಸಾಮಾನ್ಯ ನೋಡುಗರು. ಅವರ ಬಳಿ ಯಾರ ಅನುಮತಿಯೂ ಇರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ, ಹಿಂದೆ ಗ್ರಂಥಪಾಲಕಿಯಾಗಿದ್ದ ಮಹಿಳೆ ಮೂವತ್ತಕ್ಕೂ ಹೆಚ್ಚು ವರ್ಷ ಟಿ.ವಿ. ಸುದ್ದಿಯನ್ನು ಹಗಲಿರುಳು ಮುದ್ರಿಸಿದರು. 2012ರಲ್ಲಿ ಅವರು ತೀರಿಕೊಂಡಾಗ ಸುಮಾರು 70,000 ಟೇಪುಗಳು ಉಳಿದಿದ್ದವು. ಮರುವರ್ಷ ಅವು ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ ಪಾಲಾದವು. ಬದುಕಿದ್ದಾಗ ಅಂಥವರನ್ನು ಹುಚ್ಚರೆನ್ನುವುದು, ಸತ್ತ ಮೇಲೆ ಅವರ ಪೆಟ್ಟಿಗೆಗಳನ್ನು ಚರಿತ್ರೆ ಎನ್ನುವುದು ಲೋಕದ ರೂಢಿ.

ನಮ್ಮ ಹೊರನಾಡಿನ ಮಾತನ್ನೇ ತೆಗೆದುಕೊಳ್ಳಿ. ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಬೆಳೆದ ನಮ್ಮಂಥವರಿಗೆ ಮನೆಯ ಟಿ.ವಿ.ಯಲ್ಲಿ ಕನ್ನಡ ಕೇಳಿಸುತ್ತಿದ್ದುದು ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿ ಕನ್ನಡಕ್ಕೆ ಬಂದಾಗ ಮಾತ್ರ. ಆ ದಿನ ಚಾಳಿನ ನಾಲ್ಕು ಕನ್ನಡ ಮನೆಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಚಿತ್ರ ಹೇಗಿದೆ ಎಂಬುದು ಮುಖ್ಯವಾಗಿರಲಿಲ್ಲ. ಅಕ್ಕಪಕ್ಕದ ಮರಾಠಿ ಮನೆಗಳಿಗೆ ನಮ್ಮ ಭಾಷೆ ಎರಡು ಗಂಟೆ ಕೇಳಿಸುತ್ತದಲ್ಲ ಎಂಬುದೇ ಹಬ್ಬ. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ 'ಗುಡ್ಡದ ಭೂತ'ವನ್ನು ನಿರ್ದೇಶಿಸಿದ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು ಎಂದು ನಾವು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇವೆ. 1998ರಲ್ಲಿ 'ಮಾಯಾಮೃಗ' ಬಂದಾಗ ಊರಿನಿಂದ ಬಂದ ಸಂಬಂಧಿಕರು ಮೊದಲು ಆ ಕಥೆ ಹೇಳಿ ಆಮೇಲೆ ಮನೆಯ ಸುದ್ದಿ ಹೇಳುತ್ತಿದ್ದರು. ಇವೆಲ್ಲ ನಮ್ಮ ಸಾಂಸ್ಕೃತಿಕ ನೆನಪು ಎಂದು ಸಭೆಗಳಲ್ಲಿ ಭಾಷಣ ಮಾಡುವ ನಾವು, ನಮ್ಮ ಬಳಗದ ಗ್ರಂಥಾಲಯದಲ್ಲಿ ಇವುಗಳಲ್ಲಿ ಒಂದರ ಒಂದೇ ಒಂದು ಕಂತನ್ನಾದರೂ ತೋರಿಸಬಲ್ಲೆವೆ? ಪುಸ್ತಕಗಳಿಗೆ ಎರಡು ಗೋದ್ರೇಜ್ ಕಪಾಟುಗಳಿವೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಒಂದು ಖಾನೆಯೂ ಇಲ್ಲ.

ಎರಡನೆಯ ಆಕ್ಷೇಪ ಗಂಭೀರವಾದುದು. ಕಳ್ಳತನ ಎಂಬ ಪದವನ್ನು ಹಿರಿಯರು ಹಗುರವಾಗಿ ಬಳಸಲಿಲ್ಲ. ಆದ್ದರಿಂದ ನಾವೂ ಹಗುರವಾಗಿ ಉತ್ತರಿಸುವುದಿಲ್ಲ. ಕಡತ ನೋಡಿ ಅಭ್ಯಾಸವಾದ ನಮಗೆ ಮೂಲ ಕಾಯ್ದೆಯನ್ನೇ ತೆರೆದು ನೋಡುವುದು ಸಹಜ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿ ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕೆ, ಸಂಶೋಧನೆಗೆ ಮಾಡುವ ನ್ಯಾಯಯುತ ಬಳಕೆಯನ್ನು ಉಲ್ಲಂಘನೆಯ ಪಟ್ಟಿಯಿಂದ ಹೊರಗಿಡುತ್ತದೆ. ಪ್ರಸಾರಕರ ಹಕ್ಕುಗಳ ಬಗ್ಗೆ ಹೇಳುವ 39ನೆಯ ವಿಧಿ ಇನ್ನೂ ಸ್ಪಷ್ಟ: ಮುದ್ರಿಸಿಕೊಳ್ಳುವವನ ಸ್ವಂತ ಉಪಯೋಗಕ್ಕಾಗಿ, ಅಥವಾ ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗಾಗಿ ಮಾತ್ರ ಮಾಡಿದ ಧ್ವನಿ ಅಥವಾ ದೃಶ್ಯ ಮುದ್ರಣ ಪ್ರಸಾರಕರ ಹಕ್ಕಿಗೆ ಧಕ್ಕೆಯಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ 1984ರಲ್ಲಿ ಸೋನಿ ಕಂಪನಿಯ ವಿಡಿಯೊ ಮುದ್ರಕದ ಮೊಕದ್ದಮೆಯಲ್ಲಿ, ಟಿ.ವಿ. ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿ ಅನುಕೂಲದ ಹೊತ್ತಿಗೆ ನೋಡುವುದು ತಪ್ಪಲ್ಲ ಎಂದು ತೀರ್ಪಿತ್ತಿತು. ನಾಲ್ವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ, ಐವರು ಒಪ್ಪಿದರು. ಒಂದು ಮತದ ಅಂತರದಲ್ಲಿ ಕೋಟ್ಯಂತರ ನೋಡುಗರು ಕಳ್ಳರಾಗುವುದು ತಪ್ಪಿತು.

ಇಷ್ಟು ಹೇಳಿ ನಮ್ಮ ಕೈ ಪೂರ್ತಿ ಶುದ್ಧ ಎಂದು ಸಾರುವ ಉದ್ದೇಶ ನಮಗಿಲ್ಲ. ಯೂಟ್ಯೂಬಿನಂಥ ತಾಣಗಳ ಬಳಕೆಯ ಷರತ್ತುಗಳು, ತಾವೇ ಕೊಟ್ಟ ಗುಂಡಿಯ ಮೂಲಕವಲ್ಲದೆ ಇಳಿಸಿಕೊಳ್ಳುವುದನ್ನು ಒಪ್ಪುವುದಿಲ್ಲ. ಷರತ್ತು ಮುರಿದವರ ಖಾತೆಯನ್ನು ತಾಣ ಮುಚ್ಚಬಹುದು. ನಾವು ಆ ಅಪಾಯವನ್ನು ತಿಳಿದೇ ತೆಗೆದುಕೊಂಡಿದ್ದೇವೆ. ಆದರೆ ಕಂಪನಿಯೊಂದರ ಷರತ್ತು ಬೇರೆ, ಸಂಸತ್ತಿನ ಕಾಯ್ದೆ ಬೇರೆ. ಷರತ್ತು ಮುರಿದವನನ್ನು ಕಳ್ಳನೆಂದು ಕರೆಯುವುದು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಗದಿತ ಹೊತ್ತಿಗಿಂತ ಹೆಚ್ಚು ನಿಂತವನನ್ನು ದರೋಡೆಕೋರ ಎಂದಂತೆ. ನಾವು ಹಾಕಿಕೊಂಡ ಗೆರೆಗಳನ್ನೂ ಹೇಳಿಬಿಡುತ್ತೇವೆ. ಹಣ ಕಟ್ಟಿ ನೋಡುವ ತಾಣಗಳ ಬೀಗ ಒಡೆಯುವುದಿಲ್ಲ. ಇಳಿಸಿಕೊಂಡದ್ದನ್ನು ಮತ್ತೆ ಎಲ್ಲಿಗೂ ಏರಿಸುವುದಿಲ್ಲ, ವಾಟ್ಸ್ಯಾಪಿನಲ್ಲಿ ಹರಡುವುದಿಲ್ಲ, ಮಾರುವುದಂತೂ ಇಲ್ಲ. ಹೊಸ ಚಿತ್ರ ಬಿಡುಗಡೆಯಾದ ಮರುದಿನವೇ ಅದರ ಕದ್ದ ಪ್ರತಿಯನ್ನು ಗುಂಪಿಗೆ ಕಳಿಸುವ ಸಜ್ಜನರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಯಾರೂ ಕಳ್ಳರೆಂದು ಹೇಳಿದ್ದನ್ನು ನಾವು ಕೇಳಿಲ್ಲ. ಹರಡುವವನು ಸ್ನೇಹಜೀವಿ, ಕಾಪಾಡುವವನು ಕಳ್ಳ ಎಂಬ ಈ ಲೆಕ್ಕಾಚಾರ ನಮಗೆ ಅರ್ಥವಾಗದು.

ಸರ್ಕಾರಿ ನೌಕರ ಎಂಬ ಮಾತೂ ಬಂತಲ್ಲ. ಹೌದು, ಅದಕ್ಕಾಗಿಯೇ ಈ ವಿಷಯ ನಮ್ಮನ್ನು ಹೆಚ್ಚು ಕಾಡುತ್ತದೆ. ಕಚೇರಿಯಲ್ಲಿ ನಾವು ಮುಚ್ಚುವ ಪ್ರತಿ ಕಡತಕ್ಕೂ ಒಂದು ದರ್ಜೆ ಇದೆ: ಎ, ಬಿ, ಅಥವಾ ಸಿ. ಯಾವುದನ್ನು ಶಾಶ್ವತವಾಗಿ ಇಡಬೇಕು, ಯಾವುದನ್ನು ಎಷ್ಟು ವರ್ಷದ ನಂತರ ನಾಶಮಾಡಬಹುದು ಎಂಬುದಕ್ಕೆ ಅನುಸೂಚಿ ಇದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ನಿಯಮ ಬಿಟ್ಟು ದಾಖಲೆ ನಾಶಮಾಡಿದವನಿಗೆ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಮೇಜು, ಕುರ್ಚಿ ಖರೀದಿಯ ಟಿಪ್ಪಣಿಗೂ ಇಷ್ಟು ಮರ್ಯಾದೆ ಇರುವ ದೇಶದಲ್ಲಿ, ಒಬ್ಬ ಕವಿಯ ಮುಖಭಾವ, ಒಬ್ಬ ಕಲಾವಿದೆಯ ಆಲಾಪ, ಒಬ್ಬ ರಾತ್ರಿಶಾಲೆಯ ಮೇಷ್ಟ್ರ ಧ್ವನಿ ಯಾವ ದರ್ಜೆಗೆ ಸೇರುತ್ತದೆ? 1990ರ ಪ್ರಸಾರ ಭಾರತಿ ಕಾಯ್ದೆ ನಿಗಮದ ಕರ್ತವ್ಯಗಳನ್ನು ಪಟ್ಟಿಮಾಡುವಾಗ, ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ತಕ್ಕ ಸ್ಥಾನ ಕೊಡಬೇಕೆನ್ನುತ್ತದೆ. ರೇಡಿಯೊ ಮತ್ತು ಟೆಲಿವಿಷನ್ ಸಾಮಗ್ರಿಯ ಗ್ರಂಥಾಲಯವನ್ನು ಸ್ಥಾಪಿಸಿ ನಡೆಸುವುದನ್ನೂ ಹೇಳುತ್ತದೆ. ಆ ಗ್ರಂಥಾಲಯದ ಬಾಗಿಲಿಗೆ ದಹಿಸರ್‌ನ ಅಥವಾ ಸಿಕಂದರಾಬಾದಿನ ಒಬ್ಬ ಕನ್ನಡ ಓದುಗ ಹೋಗಿ, ಇಂಥ ವರ್ಷದ ಇಂಥ ಸಂದರ್ಶನ ತೋರಿಸಿ ಎಂದು ಕೇಳುವ ದಿನ ಬಂದರೆ, ಅಂದೇ ನಮ್ಮ ಸ್ಕ್ರಿಪ್ಟನ್ನು ನಿಲ್ಲಿಸುತ್ತೇವೆ. ಅಲ್ಲಿಯವರೆಗೆ, ನೋಡುಗ ತನಗಾಗಿ ಪ್ರತಿ ಇಟ್ಟುಕೊಳ್ಳುವುದು ಅವನ ಹಕ್ಕು, ಹೊಣೆಯೂ ಹೌದು.

ಮೂರನೆಯ ಆಕ್ಷೇಪ, ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಎಂಬುದು. ನಮಗೆ ಹೆಚ್ಚು ನೋವಾದದ್ದು ಇದರಿಂದ. ಉತ್ತರ ಹೇಳಲು ಆ ಯಂತ್ರದೊಳಗೆ ಸ್ವಲ್ಪ ಇಣುಕಬೇಕಾಗುತ್ತದೆ. ಓದುಗರು ತಾಳ್ಮೆಯಿಂದ ಜೊತೆಗೆ ಬರಬೇಕು.

ಬ್ರಿಟನ್ನಿನಲ್ಲಿ ಬಿಬಿಸಿಯ ಕಾರ್ಯಕ್ರಮಗಳು ಅದರ ಐಪ್ಲೇಯರ್ ತಾಣದಲ್ಲಿ ಕೆಲವು ಕಾಲ ಇದ್ದು ಮಾಯವಾಗುತ್ತವೆ. 2008ರಲ್ಲಿ ಫಿಲ್ ಲೂಯಿಸ್ ಎಂಬುವರು ಪರ್ಲ್ ಭಾಷೆಯಲ್ಲಿ 'ಗೆಟ್ ಐಪ್ಲೇಯರ್' ಎಂಬ ಸ್ಕ್ರಿಪ್ಟ್ ಬರೆದರು. ಅವರು ಬಿಟ್ಟ ಮೇಲೆ ಬೇರೆ ಆಸಕ್ತರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಇಷ್ಟದ ಕಾರ್ಯಕ್ರಮದ ಹೆಸರು ಕೊಟ್ಟರೆ ಅದು ತಾನೇ ಹುಡುಕಿ ಇಳಿಸುತ್ತದೆ. ಅಲ್ಲಿಯ ಪರವಾನಗಿ ಶುಲ್ಕ ಕಟ್ಟುವವರಿಗೆ ಮಾತ್ರ ಅದು ಸಲ್ಲುವ ಸಾಧನ. ನಮಗೆ ಅದರಿಂದ ಪ್ರಯೋಜನವಿಲ್ಲ, ಪಾಠವಿದೆ. ಯೂಟ್ಯೂಬ್ ಮತ್ತಿತರ ತಾಣಗಳಿಗೆ ಇದೇ ಬಗೆಯ 'ಯೂಟ್ಯೂಬ್-ಡಿಎಲ್' ಎಂಬುದಿತ್ತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಗೀತ ಉದ್ಯಮದ ಸಂಘ ಕೊಟ್ಟ ನೋಟಿಸಿನಿಂದ ಅದು ಗಿಟ್‌ಹಬ್ಬಿನಿಂದ ಇಳಿಯಿತು. ದೊಡ್ಡ ಗದ್ದಲವಾಗಿ ನವೆಂಬರ್‌ನಲ್ಲಿ ಮರಳಿ ಬಂತು. ಅದರಿಂದ ಕವಲೊಡೆದ 'ವೈಟಿ-ಡಿಎಲ್‌ಪಿ'ಯನ್ನು ನಾವು ಬಳಸುತ್ತೇವೆ.

ಡಾಕರ್ ಎಂದರೆ ಭಯಪಡಬೇಕಾದ್ದೇನಿಲ್ಲ. ಸ್ಕ್ರಿಪ್ಟಿಗೆ ಓಡಲು ಪೈಥಾನ್ ಬೇಕು, ಚಿತ್ರವನ್ನೂ ಧ್ವನಿಯನ್ನೂ ಬೆಸೆಯಲು ಇನ್ನೊಂದು ಸಾಧನ ಬೇಕು, ಅವಕ್ಕೆ ತಕ್ಕ ಆವೃತ್ತಿಗಳು ಬೇಕು. ಇವೆಲ್ಲವನ್ನೂ ಒಂದೇ ಡಬ್ಬದಲ್ಲಿ ಕಟ್ಟಿಕೊಟ್ಟರೆ ಅದು ಕಂಟೇನರ್. ಯಾವ ಗಣಕದ ಮೇಲೆ ಇಟ್ಟರೂ ಒಳಗಿನ ಅಡುಗೆ ಅದೇ. ಯಾರೋ ಪುಣ್ಯಾತ್ಮರು ಕಟ್ಟಿಟ್ಟ ಡಬ್ಬವನ್ನು ತಂದು ನಾವು ಆಂಟಾಪ್ ಹಿಲ್ಲಿನ ನಮ್ಮ ಸರ್ಕಾರಿ ವಸತಿಗೃಹದಲ್ಲಿ ಓಡಿಸಿದೆವು. ಇಂಗ್ಲಿಷ್ ಎಂ.ಎ. ಓದಿದ ನಮಗೆ ಮಿಲ್ಟನ್ನನ ವಾಕ್ಯವನ್ನು ಬಿಡಿಸುವುದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಮೊದಲ ವಾರದಲ್ಲೇ ಪಾಠವಾಯಿತು. ಕಂಟೇನರಿನ ಸ್ವಭಾವವೇನೆಂದರೆ, ಅದನ್ನು ತೆಗೆದುಹಾಕಿದಾಗ ಅದರೊಳಗೆ ಬರೆದದ್ದೂ ಹೋಗುತ್ತದೆ. ಹೊರಗಿನ ಡಿಸ್ಕಿನ ಒಂದು ಕೋಶವನ್ನು ಅದಕ್ಕೆ ಜೋಡಿಸಿಕೊಟ್ಟರೆ ಮಾತ್ರ ಉಳಿಯುತ್ತದೆ. ನಾವು ಜೋಡಿಸಿರಲಿಲ್ಲ. ಹೊಸ ಆವೃತ್ತಿ ಹಾಕಲು ಹಳೆಯದನ್ನು ತೆಗೆದೆವು. ಒಂದು ವಾರದ ಸಂಗ್ರಹ ಕ್ಷಣದಲ್ಲಿ ಇಲ್ಲವಾಯಿತು. ಬಿಬಿಸಿಯನ್ನು ಬೈಯುವ ನಾವೇ ಅದೇ ಕೆಲಸವನ್ನು ಅದಕ್ಕಿಂತ ವೇಗವಾಗಿ ಮಾಡಿದ್ದೆವು.

ಎರಡನೆಯ ಪಾಠ ಹೊತ್ತಿನದು. ಬೆಳಗ್ಗೆ 6 ಗಂಟೆಗೆ ಎದ್ದೇಳು ಎಂದು ಹೇಳಿದರೆ ಅದು 11.30ಕ್ಕೆ ಏಳುತ್ತಿತ್ತು. ಡಬ್ಬದೊಳಗಿನ ಗಡಿಯಾರ ಭಾರತದ ಹೊತ್ತಿನಲ್ಲಿರಲಿಲ್ಲ, ಯುಟಿಸಿಯಲ್ಲಿತ್ತು. ಒಂದು ಸಾಲು ಸೇರಿಸಿ ಸರಿಪಡಿಸಿದೆವು. ಮೂರನೆಯದು ಒಡೆತನದ್ದು: ಇಳಿದ ಕಡತಗಳೆಲ್ಲ ಗಣಕದ ಮೇಲಧಿಕಾರಿಯ ಹೆಸರಿನಲ್ಲಿ ದಾಖಲಾಗಿ, ಅವುಗಳ ಹೆಸರು ಬದಲಿಸುವ ಅಧಿಕಾರವೂ ನಮಗಿಲ್ಲದಾಯಿತು. ಸರ್ಕಾರಿ ಕಚೇರಿಯ ಅನುಭವವಿದ್ದುದರಿಂದ ಇದು ಮಾತ್ರ ಬೇಗ ಅರ್ಥವಾಯಿತು.

ಆದರೆ ನಾಲ್ಕನೆಯದು ಕನ್ನಡದ್ದು. ಮೂರನೆಯ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ. ನಾವು ತಂದ ಡಬ್ಬದಲ್ಲಿ, ಕಡತದ ಹೆಸರುಗಳಲ್ಲಿ ರೋಮನ್ ಅಕ್ಷರಗಳನ್ನಷ್ಟೇ ಉಳಿಸು ಎಂಬ ಆಜ್ಞೆ ಮೊದಲೇ ಸೇರಿತ್ತು. ಕಟ್ಟಿದವರಿಗೆ ಅದು ಜಾಣತನ. ಅವರ ಭಾಷೆಯ ಶೀರ್ಷಿಕೆಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮಲ್ಲಿ ಏನಾಯಿತು? ಕವಿಯ ಹೆಸರು, ಕಾರ್ಯಕ್ರಮದ ಹೆಸರು, ಕಂತಿನ ವಿಷಯ ಎಲ್ಲವೂ ಅಳಿದು, ಅದರ ಜಾಗದಲ್ಲಿ ಒಂದು ಅಡಿಗೆರೆ ಉಳಿಯಿತು. ಪಟ್ಟಿ ತೆರೆದರೆ ಅಡಿಗೆರೆ, ಅಡಿಗೆರೆ, ಅಡಿಗೆರೆ. ಚಿತ್ರವಿದೆ, ಧ್ವನಿಯಿದೆ, ಯಾರದ್ದೆಂದು ತಿಳಿಯುವ ಬಗೆಯಿಲ್ಲ. ಹೆಸರಿಲ್ಲದ ಸಾವಿರ ಕಡತಗಳಿಗೂ ಸುಟ್ಟ ಗ್ರಂಥಾಲಯಕ್ಕೂ ಎಷ್ಟು ವ್ಯತ್ಯಾಸ?

ಆ ಆಜ್ಞೆಯನ್ನು ತೆಗೆದೆವು. ಹೊಸ ತೊಡಕು ಬಂತು: ಹೆಸರು ತುಂಬ ಉದ್ದವಾಯಿತು ಎಂದು ಗಣಕ ನಿರಾಕರಿಸಿತು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿ ಇದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಅಕ್ಷರಕ್ಕೆ ಆರು ಸಂಕೇತಗಳು, 18 ಬೈಟುಗಳು. ಹೆಸರನ್ನು ಯಂತ್ರದ ಕೈಯಲ್ಲಿ ಕತ್ತರಿಸಲು ಬಿಟ್ಟರೆ ಅದು ಅಕ್ಷರದ ನಡುವೆಯೇ ಕತ್ತರಿಸಿ, ಒತ್ತಕ್ಷರ ಕಳೆದುಕೊಂಡ ಅರ್ಧಾಕ್ಷರವನ್ನು ತೂಗುಬಿಡುತ್ತದೆ. ಕೊನೆಗೆ ನಾವು ದಿನಾಂಕವನ್ನು ಮುಂದಿಟ್ಟು, ಶೀರ್ಷಿಕೆಯನ್ನು ಮೊಟಕುಗೊಳಿಸಿ, ಪೂರ್ಣ ಶೀರ್ಷಿಕೆಯೂ ವಿವರಣೆಯೂ ಪ್ರತ್ಯೇಕವಾದ ಒಂದು ಪಠ್ಯಕಡತದಲ್ಲಿ ಕನ್ನಡದಲ್ಲೇ ಉಳಿಯುವಂತೆ ಬದಲಿಸಿದೆವು. ಒಮ್ಮೆ ಇಳಿದದ್ದು ಮತ್ತೆ ಇಳಿಯದಂತೆ ಒಂದು ದಾಖಲೆಪಟ್ಟಿ, ತಾಣಕ್ಕೆ ಹೊರೆಯಾಗದಂತೆ ಎರಡು ಇಳಿಕೆಗಳ ನಡುವೆ ಬಿಡುವು, ವಾರಕ್ಕೊಮ್ಮೆ ಡಬ್ಬವನ್ನು ಹೊಸದಾಗಿ ಕಟ್ಟುವ ವ್ಯವಸ್ಥೆ ಇವು ಆಮೇಲೆ ಸೇರಿದವು. ತಾಣಗಳು ಒಳಗೊಳಗೇ ಬದಲಾಗುತ್ತಿರುವುದರಿಂದ, ಹಳೆಯ ಆವೃತ್ತಿ ಯಾವ ದಿನ ಬೇಕಾದರೂ ಸುಮ್ಮನೆ ನಿಂತುಬಿಡುತ್ತದೆ.

ಈಗ ಹೇಳಿ, ಇದು ಸಾಹಿತ್ಯದ ಕೆಲಸ ಅಲ್ಲವೇ? ಯಾರೋ ದೂರದಲ್ಲಿ ಕುಳಿತು, ನಮ್ಮ ಭಾಷೆಯೊಂದು ಲೋಕದಲ್ಲಿದೆ ಎಂಬ ಅರಿವೇ ಇಲ್ಲದೆ ಮಾಡಿದ ತೀರ್ಮಾನವೊಂದು ನಮ್ಮ ಕವಿಗಳ ಹೆಸರನ್ನು ಅಡಿಗೆರೆಯಾಗಿಸುತ್ತದೆ. ಅದನ್ನು ಸರಿಪಡಿಸಲು ಕ್ರಾಂತಿ ಬೇಕಿಲ್ಲ, ಒಂದು ಸಾಲನ್ನು ಅಳಿಸಬೇಕು. ಆದರೆ ಆ ಸಾಲು ಎಲ್ಲಿದೆಯೆಂದು ತಿಳಿದ ಒಬ್ಬ ಕನ್ನಡಿಗ ಆ ಜಾಗದಲ್ಲಿರಬೇಕು. ಸಿದ್ಧವಾಗಿ ಬಂದದ್ದನ್ನು ನಮ್ಮ ಅಳತೆಗೆ ತಿದ್ದಿಕೊಳ್ಳದಿದ್ದರೆ ನಾವೇ ಅದರ ಅಳತೆಗೆ ಕತ್ತರಿಸಲ್ಪಡುತ್ತೇವೆ. ತಂತ್ರಜ್ಞಾನ ನಮ್ಮ ಕ್ಷೇತ್ರವಲ್ಲ ಎಂದು ಕೈತೊಳೆದುಕೊಳ್ಳುವ ಸಾಹಿತ್ಯಾಸಕ್ತರು, ತಮ್ಮ ಸಾಹಿತ್ಯದ ಉಳಿವನ್ನು ಅದರ ಲಿಪಿಯೂ ತಿಳಿಯದವರ ಕೈಗೆ ಒಪ್ಪಿಸಿ ಬಂದಿದ್ದಾರೆ.

ಪ್ರತಿ ಮಾಡುವುದು ಕನ್ನಡದಲ್ಲಿ ಹೊಸದೂ ಅಲ್ಲ, ಕೀಳೂ ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಶಾಲೆಯಲ್ಲೇ ಓದಿದ್ದೇವೆ. ಅದಕ್ಕಾಗಿ ಅವಳನ್ನು ದಾನಚಿಂತಾಮಣಿ ಎಂದು ಕೊಂಡಾಡುತ್ತೇವೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನದ ಓಲೆಗರಿಗಳನ್ನು ಕೂಡಿಸಿ, ಅಚ್ಚುಕೂಟಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅತ್ತಿಮಬ್ಬೆಯ ಕಾಲದಲ್ಲಿ ಕೃತಿಸ್ವಾಮ್ಯವಿರಲಿಲ್ಲ, ಅವಳು ಹಂಚಿದಳು. ನಮ್ಮ ಕಾಲದಲ್ಲಿದೆ, ನಾವು ಹಂಚುವುದಿಲ್ಲ. ಈ ವ್ಯತ್ಯಾಸವನ್ನು ಒಪ್ಪುತ್ತೇವೆ. ಆದರೆ ಉಳಿದದ್ದೆಲ್ಲ ಯಾರೋ ಪ್ರತಿ ಮಾಡಿದ್ದರಿಂದ ಉಳಿದಿದೆ ಎಂಬುದು ಅಂದೂ ನಿಜ, ಇಂದೂ ನಿಜ. ಓಲೆಗರಿಯನ್ನು ನಕಲು ಮಾಡಿದ ಲಿಪಿಕಾರನಿಗೆ ಛಂದಸ್ಸು ಗೊತ್ತಿತ್ತೋ ಇಲ್ಲವೋ, ಕಂಟ ಹಿಡಿಯುವುದು ಗೊತ್ತಿತ್ತು. ನಮ್ಮ ಬಳಗಗಳಲ್ಲಿ ಛಂದಸ್ಸು ಬಲ್ಲವರು ಬೇಕಾದಷ್ಟಿದ್ದಾರೆ. ಕಂಟ ಹಿಡಿಯುವವರು ಬೇಕಾಗಿದ್ದಾರೆ.

ಎಲ್ಲವನ್ನೂ ಇಡುವುದು ಅಸಾಧ್ಯ, ಇಡಬೇಕಾದ್ದೂ ಇಲ್ಲ ಎಂದು ನಮಗೆ ಗೊತ್ತು. ಅತ್ತೆ ಸೊಸೆಯರ ಸಾವಿರ ಕಂತುಗಳನ್ನು ಕಾಯುವ ವ್ರತ ನಾವು ಹಿಡಿದಿಲ್ಲ. ಲೇಖಕರ ಸಂದರ್ಶನಗಳು, ಕವಿಗೋಷ್ಠಿಗಳು, ಯಕ್ಷಗಾನ, ರಂಗಸಂವಾದ, ಚಂದನದ 'ಥಟ್ ಅಂತ ಹೇಳಿ'ಯ ಕಂತುಗಳು ನಮ್ಮ ಪಟ್ಟಿಯಲ್ಲಿವೆ. 2002ರಿಂದ ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ ಬಂದ ಆ ರಸಪ್ರಶ್ನೆಯನ್ನು ಸಾಹಿತ್ಯಕ್ಕೆ ಹೊರಗಿನದೆನ್ನುವವರ ಜೊತೆ ನಮಗೆ ವಾದವಿಲ್ಲ. ಸಾಧಾರಣ ಗುಣಮಟ್ಟದಲ್ಲಿ ಅರ್ಧ ಗಂಟೆಯ ಕಂತಿಗೆ ನೂರರಿಂದ ಇನ್ನೂರು ಎಂಬಿ ಸಾಕು. ಎರಡು ಟಿಬಿಯ ಒಂದು ಡಿಸ್ಕಿನಲ್ಲಿ ಸಾವಿರಾರು ಕಂತುಗಳು ಹಿಡಿಸುತ್ತವೆ. ನಮ್ಮ ವಾರ್ಷಿಕೋತ್ಸವದ ಶಾಲು, ಹಾರ, ಫಲತಾಂಬೂಲಗಳ ಲೆಕ್ಕದಲ್ಲಿ ಅಂಥ ಒಂದು ಡಿಸ್ಕು ಎಲ್ಲಿಯೂ ಕಾಣಿಸದಷ್ಟು ಸಣ್ಣದು.

ಆದ್ದರಿಂದ ನಮ್ಮ ಕೋರಿಕೆ ಮೂರು. ಒಂದು, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಬಳಗಗಳು ಒಂದೊಂದು ಕಾರ್ಯಕ್ರಮವನ್ನು ಆರಿಸಿಕೊಳ್ಳಲಿ; ಒಬ್ಬರಾದರೂ ಈ ಯಂತ್ರವನ್ನು ಕಲಿಯಲಿ. ಪ್ರತಿ ಅವರವರ ಬಳಿಯೇ ಇರಲಿ. ಏನೇನಿದೆ ಎಂಬ ಪಟ್ಟಿಯನ್ನು ಮಾತ್ರ ಪರಸ್ಪರ ಹಂಚಿಕೊಳ್ಳೋಣ. ಪಟ್ಟಿ ಹಂಚುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ಎರಡು, ಸಾರ್ವಜನಿಕ ಪ್ರಸಾರಕರ ಬಳಿ ಇರುವ ಹಳೆಯ ಕನ್ನಡ ಕಾರ್ಯಕ್ರಮಗಳ ಸೂಚಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳೋಣ. ಕಾರ್ಯಕ್ರಮ ಕೊಡಿ ಎಂದಲ್ಲ, ಏನಿದೆ ಎಂದು ಹೇಳಿ ಎಂದು. ಹತ್ತು ರೂಪಾಯಿಯ ಶುಲ್ಕವನ್ನು ನಾವೇ ಕಟ್ಟುತ್ತೇವೆ. ಮೂರು, ಸಭೆಯಲ್ಲಿ ನಕ್ಕವರು ಬರುವ ತಿಂಗಳ ಎರಡನೆಯ ಭಾನುವಾರ ನಮ್ಮ ಮನೆಗೆ ಒಂದು ಹಳೆಯ ಲ್ಯಾಪ್‌ಟಾಪಿನೊಂದಿಗೆ ಬರಲಿ. ನಾವು ತಿದ್ದಿದ ಸ್ಕ್ರಿಪ್ಟ್ ಒಂದು ಪುಟವನ್ನೂ ಮೀರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಅದು ಅವರ ಯಂತ್ರದಲ್ಲೂ ಓಡುತ್ತಿರುತ್ತದೆ, ಊಟ ನಮ್ಮಲ್ಲೇ.

ಕೊನೆಯದಾಗಿ ಒಂದು ವಿಚಾರಣೆ. ರಾತ್ರಿಶಾಲೆಯ ನಮ್ಮ ಮೇಷ್ಟ್ರ ಆ 26 ನಿಮಿಷಗಳ ಸಂದರ್ಶನ ಓದುಗರಲ್ಲಿ ಯಾರ ಫೋನಿನಲ್ಲಾದರೂ, ಯಾವ ಹಳೆಯ ಡಿಸ್ಕಿನಲ್ಲಾದರೂ ಉಳಿದಿರಬಹುದು. ಅದನ್ನು ನಮಗೆ ಕಳಿಸಿ ಎಂದರೆ ನಾವು ಮೇಲೆ ಎಳೆದ ಗೆರೆಯನ್ನು ನಾವೇ ದಾಟಿದಂತಾಗುತ್ತದೆ. ಆದ್ದರಿಂದ ಕಳಿಸಬೇಡಿ, ತಂದು ತೋರಿಸಿ. ಅವರ ಮಗಳು ಡೊಂಬಿವಲಿಯಿಂದ ಬರುತ್ತಾರೆ. ಕುರ್ಚಿ ಹಾಕಿರುತ್ತೇವೆ.